ಹೆಸರಿಲ್ಲದ ಓದುಗನ ಊರಿಗೆ

ಫಿನ್ಲೆಂಡಿನಿಂದ ಬಂದ ಮೇಲೆ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಎರಡೇ ಪ್ರಶ್ನೆ ಕೇಳಿದರು. "ಊಟಕ್ಕ ಏನ್ ಮಾಡಿದಿ?" ಮತ್ತು "ಥಂಡಿ ಹ್ಯಾಂಗಿತ್ತು?" ಮೊದಲನೆಯದಕ್ಕೆ, ರೊಟ್ಟಿ ಕಟ್ಟಿಕೊಂಡು ಹೋಗಿದ್ದೆವು ಎಂದೆ. ಎರಡನೆಯದಕ್ಕೆ ಹಲ್ಲು ಕಟಕಟ ಕಡಿದು ತೋರಿಸಿದೆ. ಅಷ್ಟಕ್ಕೇ ತೃಪ್ತರಾಗಿ ಎಲ್ಲರೂ ಬಸ್ ಹತ್ತಿದರು. ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಒಳ್ಳೆಯದೇ ಆಯಿತು. "ಗ್ರಂಥಾಲಯಗಳು ತಮ್ಮ ಓದುಗರ ಲೆಕ್ಕವನ್ನು ಒಂದಕ್ಕೊಂದು ಕಳಿಸಿಕೊಳ್ಳಲು ಯಾವ ಎಕ್ಸ್‌ಎಂಎಲ್ ಸ್ಕೀಮಾ ಒಳ್ಳೆಯದು ಎಂದು ಆರಿಸಲು ಹೋಗಿದ್ದೆ" ಎಂದು ತೊಗರಿ ಚೀಲಗಳ ನಡುವೆ ನಿಂತು ಹೇಳಿದ್ದರೆ, ಹುಡುಗನಿಗೆ ಥಂಡಿ ತಲೆಗೇರಿದೆ ಎಂದು ಮನೆಗೆ ಸುದ್ದಿ ಮುಟ್ಟಿಸುತ್ತಿದ್ದರು.

ನಾನು ಶಿವರಾಜ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಒಂದು ಟ್ರಸ್ಟಿನವರು ನಡೆಸುವ ಮೂರು ವಾಚನಾಲಯಗಳಿವೆ. ಅವುಗಳ ಲೆಕ್ಕವನ್ನು ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಸಂಬಳ ಬರುವುದು ಅದಕ್ಕೆ. ಹೆಸರು ಬಂದದ್ದು ಅಣಕಕ್ಕೆ. ಯಾರ ದನಿಯನ್ನಾದರೂ ತುಸು ಹೊತ್ತು ಕೇಳಿದರೆ ಸಾಕು, ಅದು ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ತಹಶೀಲ್ದಾರರು, ಕಂಡಕ್ಟರು, ನಮ್ಮವ್ವ, ಯಾರನ್ನೂ ಬಿಟ್ಟವನಲ್ಲ. ಒಮ್ಮೆ ನನ್ನನ್ನೇ ಅಣಕಿಸಲು ಹೋಗಿ ಸೋತೆ. ನನ್ನ ಸ್ವಂತ ದನಿ ಹೇಗಿದೆ ಎಂಬುದೇ ನೆನಪಿಗೆ ಬರಲಿಲ್ಲ.

ಜೊತೆಗೆ ಬಂದವರು ಜೇವರ್ಗಿಯ ಚನ್ನಬಸಪ್ಪ ಸರ್. ಮೂರೂ ವಾಚನಾಲಯಗಳ ಮುಖ್ಯಸ್ಥರು. ಪ್ರತಿ ಮಾತಿಗೂ ಮೊದಲು "ಅಂದ್ರ ಏನಪಾ ಅಂದ್ರ" ಎಂದು ಹಳಿ ಹಾಕಿ, ಆಮೇಲೆ ರೈಲು ಬಿಡುವವರು. ಸಣ್ಣ ಗ್ರಂಥಾಲಯಗಳದೊಂದು ಅಂತರರಾಷ್ಟ್ರೀಯ ಕೂಟ, ದೂರದ ಊರುಗಳವರೂ ಇರಲಿ ಎಂದು ನಮ್ಮಿಬ್ಬರನ್ನು ಕರೆಸಿತ್ತು. ಇಸವಿ ಎರಡು ಸಾವಿರ ಕಾಲಿಡುವ ಮುಂಚಿನ ಚಳಿಗಾಲ ಅದು.

ಇನ್ನೊಂದು ಮಾತು. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಿದರು. ನನ್ನ ಕಿವಿಗೆ ಮಾತ್ರ ಅದು ನಮ್ಮ ಮಾತಾಗಿಯೇ ಬಿತ್ತು, ಹಾಗೆಯೇ ಬರೆಯುತ್ತೇನೆ. ಫಿನ್ಲೆಂಡಿನವರು ಅಫಜಲಪುರದವರ ಹಾಗೆ ಮಾತಾಡಿದಂತೆ ಕಂಡರೆ ತಪ್ಪು ಅವರದಲ್ಲ.

ಹೆಲ್ಸಿಂಕಿ

ಮಧ್ಯಾಹ್ನ ವಿಮಾನದಿಂದ ಇಳಿದು, ಸಾಮಾನು ತಗೊಂಡು ಹೊರಗೆ ಬಂದರೆ ಕತ್ತಲೆ. ಸರ್ ಕೈಗಡಿಯಾರವನ್ನು ಕಿವಿಗೆ ಹಿಡಿದರು.

"ಶಿವ್ಯಾ, ಇದು ನಿಂತದ ನೋಡಲೇ."

"ಗಡಿಯಾರ ನಡದದ್ರಿ ಸರ್. ಸೂರ್ಯಾನೇ ರಜಾ ಹಾಕ್ಯಾನ."

ನಮ್ಮಲ್ಲಿ ಬಿಸಿಲು ಹಟಮಾರಿ ಅತಿಥಿ. ಹೋಗು ಎಂದರೂ ಹೋಗುವುದಿಲ್ಲ. ಇಲ್ಲಿ ಮಧ್ಯಾಹ್ನದ ಊಟ ಅರಗುವ ಮೊದಲೇ ದೀಪ ಹಚ್ಚುತ್ತಾರೆ. ಆ ಕತ್ತಲೆ ರಾತ್ರಿಯದಲ್ಲ, ಅದೇ ಅದರ ವಿಚಿತ್ರ. ಅಂಗಡಿಗಳು ತೆರೆದಿವೆ, ಟ್ರಾಮುಗಳು ಓಡುತ್ತಿವೆ, ಜನ ತಮ್ಮ ತಮ್ಮ ಕೆಲಸದಲ್ಲಿದ್ದಾರೆ. ಆದರೆ ಸದ್ದಿಲ್ಲ. ಯಾರೋ ಊರಿನ ಮೇಲೆ ಕಂಬಳಿ ಹೊದಿಸಿ, ಒಳಗೆ ಮಂದಿಯನ್ನು ಹಾಗೇ ಓಡಾಡಲು ಬಿಟ್ಟಂತೆ.

ಬಸ್‌ಸ್ಟಾಪಿನಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಸರ್ ಹೋಗಿ, ನಮ್ಮಲ್ಲಿ ಯಾರಾದರೂ ನಿಲ್ಲುವ ಹಾಗೆ, ಪಕ್ಕದಲ್ಲಿ ನಿಂತರು. ಆತ ಒಂದು ಹೆಜ್ಜೆ ಸರಿದ. ತಮಗಾಗಿ ಜಾಗ ಬಿಟ್ಟನೆಂದು ತಿಳಿದು ಸರ್ ನಕ್ಕು, ತಾವೂ ಒಂದು ಹೆಜ್ಜೆ ಸರಿದರು. ಆತ ಮತ್ತೆ ಸರಿದ. ಇವರೂ ಸರಿದರು. ಹೀಗೆ ಮರ್ಯಾದೆ ಮಾಡುತ್ತ ಮಾಡುತ್ತ ಇಬ್ಬರೂ ಸೂರಿನ ಹೊರಗೆ ಹೋಗಿ, ಬೀಳುವ ಹಿಮದಲ್ಲಿ ನಿಂತುಬಿಟ್ಟರು.

"ಭಾಳ ಸಜ್ಜನ ಮನಷ್ಯಾ ಲೇ," ಅಂದರು ಸರ್, ತಲೆಯ ಮೇಲಿನ ಹಿಮ ಕೊಡವುತ್ತ. "ಆದ್ರ ಮಳ್ಳ ಅದಾನ."

ರೈಲಿನಲ್ಲಿ

ಸಭೆ ಇದ್ದದ್ದು ರಾಜಧಾನಿಯಲ್ಲಲ್ಲ. ಉತ್ತರಕ್ಕೆ ರೈಲಿನಲ್ಲಿ ಅರ್ಧ ದಿನ ಹೋಗಬೇಕಾದ, ಸರೋವರದ ದಂಡೆಯ ಒಂದು ಸಣ್ಣ ಊರಿನಲ್ಲಿ. ಡಬ್ಬಿಯ ತುಂಬ ಜನ, ಒಂದು ಪಿಸುಮಾತೂ ಇಲ್ಲ. ಹಸಿವಾಯಿತು. ಸರ್ ಗಂಟು ಬಿಚ್ಚಿ ಕಡಕ್ ರೊಟ್ಟಿ ತೆಗೆದು ಮುರಿದರು. ಆಹಾ, ಏನು ಸದ್ದು! ಮನೆಯಲ್ಲಿ ಕಿವಿಗೇ ಬೀಳದ ಆ ಟಕ್ ಎಂಬ ಸದ್ದು ಅಲ್ಲಿ ಬಂದೂಕು ಹಾರಿಸಿದಂತಾಯಿತು. ಡಬ್ಬಿಗೆ ಡಬ್ಬಿಯೇ ನಮ್ಮ ಕಡೆ ನೋಡದೆ ನೋಡಿತು. ಆಮೇಲೆ ಸರ್ ರೊಟ್ಟಿಯನ್ನು ಬಾಯಲ್ಲಿಟ್ಟು, ಕಡಿಯದೆ, ನೆನೆಯಲಿ ಎಂದು ಕಾಯುತ್ತ ಕೂತರು.

ಶೇಂಗಾಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿದ ರೊಟ್ಟಿಯ ಒಂದು ಚೂರನ್ನು ಎದುರಿನ ಹೆಂಗಸಿಗೆ ಚಾಚಿದೆ. ಆಕೆ ಬಾಯಿ ತುಸು ತೆರೆದು, ಉಸಿರನ್ನು ಸರಕ್ಕನೆ ಒಳಗೆ ಎಳೆದುಕೊಂಡಳು. "ಯೊ."

"ಏನಾತಲೇ ಆಕಿಗ?" ಸರ್ ಗಾಬರಿಯಾದರು. "ಇನ್ನೂ ಬಾಯಾಗ ಇಟ್ಟೇ ಇಲ್ಲ, ಖಾರ ನೆತ್ತಿಗೇರಿತೇನು?"

ಏನೂ ಆಗಿರಲಿಲ್ಲ. ಅದು ಅವರ "ಹೌದು". ನಾವು ಉಸಿರು ಹೊರಗೆ ಬಿಡುತ್ತ ಮಾತಾಡುತ್ತೇವೆ. ಅವರು ಕೆಲವೊಮ್ಮೆ ಒಳಗೆಳೆಯುತ್ತ ಹೌದೆನ್ನುತ್ತಾರೆ. ನಮ್ಮಲ್ಲಿ ಹಾಗೆ ಉಸಿರೆಳೆದರೆ ಕಾಲ ಬಳಿ ಹಾವು ಇದೆ ಎಂದರ್ಥ. ನಾನು ದಾರಿಯುದ್ದಕ್ಕೂ ಅದನ್ನೇ ಕಲಿತೆ. ಕಿಟಕಿಯ ಕಡೆ ಮುಖ ಮಾಡಿ ಯೊ, ಯೊ ಎನ್ನುತ್ತ ಕೂತವನನ್ನು ಸರ್ ನೋಡಿ, "ದಮ್ಮಿನ ರೋಗ ಬಂದವರಂಗ ಮಾಡಬ್ಯಾಡ, ಇಳಿಸಿಬಿಟ್ಟಾರು" ಅಂದರು.

ಹೊರಗೆ ಕಾಡು, ಹೆಪ್ಪುಗಟ್ಟಿದ ನೀರು, ಮತ್ತೆ ಕಾಡು. ಎಲ್ಲೋ ಒಂದೊಂದು ಮನೆ. ಕಿಟಕಿಗೆ ಪರದೆ ಇಲ್ಲ, ದೀಪ ಇದೆ. ಒಳಗೆ ಮೇಜು, ಮೇಜಿನ ಮೇಲೆ ಕಪ್ಪು, ಸರಿಸಿಟ್ಟ ಕುರ್ಚಿ. ಮನುಷ್ಯ ಮಾತ್ರ ಇಲ್ಲ. ಮನೆ ಮೇಲೆ ಮನೆ ಹಾಗೇ ಸರಿದು ಹೋದವು.

"ಮಂದಿ ಎಲ್ಲಿ ಹೋಗ್ಯಾರಲೇ?" ಸರ್ ಮೆಲ್ಲಗೆ ಕೇಳಿದರು. ನಾನು ಕಿಟಕಿಗೆ ಹಣೆ ಹಚ್ಚಿ ಮುಂದಿನ ಮನೆಗೆ ಕಾದೆ.

ಸರೋವರದ ಊರು

ಸಭೆಯ ಯಜಮಾನರು ಯುಹಾನಿ. ಎತ್ತರದ, ತಣ್ಣನೆಯ, ನ್ಯಾಯದ ಮನುಷ್ಯ. ಒಂದು ವಾಕ್ಯ ಮುಗಿಸಿ ಇನ್ನೊಂದು ಶುರುಮಾಡುವಷ್ಟರಲ್ಲಿ ನಾವು ಚಹಾ ಕುಡಿದು ಬರಬಹುದು. ಮೊದಲ ಬಿಡುವಿನಲ್ಲೇ ನಾನು ಅವರ ಆ ಮೌನವನ್ನು ಅಣಕಿಸಿ ತೋರಿಸಿದೆ. ಮೌನವನ್ನು ಅಣಕಿಸುವುದು ಸುಲಭವಲ್ಲ ನೋಡಿ. ಹತ್ತಾರು ದೇಶದವರು ಹೊಟ್ಟೆ ಹಿಡಿದು ನಕ್ಕರು. ಯುಹಾನಿಯೂ ನಕ್ಕರು, ಎಲ್ಲರೂ ಮುಗಿಸಿದ ಮೇಲೆ.

ಕೆಲಸವೇನೆಂದರೆ: ಆಳಂದದ ಪೇಟೆಯಲ್ಲಿ ಒಬ್ಬೊಬ್ಬರು ಒಂದೊಂದು ಅಳತೆಯ ಸೇರು ಹಿಡಿದರೆ ತೊಗರಿ ವ್ಯಾಪಾರ ನಡೆಯುವುದಿಲ್ಲ. ಲೆಕ್ಕವೂ ಹಾಗೇ. ಯಾವ ಪುಸ್ತಕ, ಯಾವ ದಿನ, ಯಾರು ಓದಿದರು ಎಂಬುದನ್ನು ಎಲ್ಲ ಗ್ರಂಥಾಲಯಗಳೂ ಒಂದೇ ಅಚ್ಚಿನಲ್ಲಿ ಬರೆದು ಕಳಿಸಬೇಕು. ಆ ಅಚ್ಚಿಗೇ ಸ್ಕೀಮಾ ಎನ್ನುವುದು. ಅಚ್ಚಿಗೆ ಕೂರದ ಲೆಕ್ಕವನ್ನು ಯಂತ್ರ ಮುಟ್ಟುವುದಿಲ್ಲ. ಎದುರಿಗೆ ಎರಡು ಸ್ಕೀಮಾ ಇದ್ದವು. ಒಂದರಲ್ಲಿ ಪ್ರತಿ ಓದಿಗೂ ಒಬ್ಬ ಓದುಗನ ಸದಸ್ಯ ಸಂಖ್ಯೆ ಇರಲೇಬೇಕು. ಇನ್ನೊಂದರಲ್ಲಿ ಆ ಜಾಗ ಖಾಲಿ ಇದ್ದರೂ ನಡೆಯುತ್ತದೆ. ಮೊದಲನೆಯದಕ್ಕೆ ನಾನು ಹೆಡ್‌ಮಾಸ್ತರ ಎಂದೂ, ಎರಡನೆಯದಕ್ಕೆ ಸೋದರಮಾವ ಎಂದೂ ಹೆಸರಿಟ್ಟೆ.

ಒಬ್ಬೊಬ್ಬರ ಮಾದರಿ ಲೆಕ್ಕವನ್ನೂ ಪರದೆಯ ಮೇಲೆ ಹಾಕಿ ಪರೀಕ್ಷಿಸಿದರು. ನಮ್ಮದು ಬಂದಾಗ ಯುಹಾನಿ ಎದ್ದು ಪರದೆಯ ಹತ್ತಿರ ಹೋದರು.

"ಒಬ್ಬ ಓದುಗ ಇದ್ದಾನ್ರಿ ನಿಮ್ಮಲ್ಲಿ. ದಿನಾ ಬಾಗಲಾ ತೆರೆದ ಕೂಡ್ಲೇ ಬರ್ತಾನ. ಆಳಂದದಾಗೂ ಅವನೇ, ಅಫಜಲಪುರದಾಗೂ ಅವನೇ, ಜೇವರ್ಗ್ಯಾಗೂ ಅವನೇ. ಒಂದೇ ಹೊತ್ತಿಗೆ." ಅವರು ಪರದೆಗೆ ಬೆರಳು ಮುಟ್ಟಿಸಿದರು. "ಲಾಭ. ಯಾರ್ರಿ ಇವರು?"

ಸಭೆಯಲ್ಲಿ ಯಾರೋ ಕುರ್ಚಿ ಸರಿಸಿದ್ದು ಕೇಳಿಸಿತು.

ಸರ್ ಹೆಮ್ಮೆಯಿಂದ ಎದ್ದರು. "ಅಂದ್ರ ಏನಪಾ ಅಂದ್ರ, ನಮ್ಮ ಕಡೆ ಧಾನ್ಯಾ ಅಳೆಯುವಾಗ ಮೊದಲನೇದಕ್ಕ ಒಂದು ಅನ್ನಂಗಿಲ್ಲ. ಲಾಭ ಅಂತೇವಿ. ಆಮ್ಯಾಲ ಎರಡು, ಮೂರು. ನಮ್ಮಪ್ಪ ಅಳತಿ ಮಾಡಾಂವ, ನನಗ ಅದೇ ರೂಢಿ. ಮೂರೂ ಕಡೆ ಹಂಗೇ ಬರಸ್ತೇನಿ. ಮುಂಜಾನೆ ಮೊದಲು ಬಂದ ಓದುಗ ಯಾರೇ ಇರಲಿ, ಅಂವ ಲಾಭ."

ಸರ್ ಬರೆಸಿದ್ದನ್ನು ಬರೆಸಿದ ಹಾಗೇ ಕಂಪ್ಯೂಟರಿಗೆ ಹೊಡೆದವನು ನಾನು. ಸೂಕ್ಷ್ಮ ಬುದ್ಧಿ ನನ್ನದು.

"ಅಂದ್ರ ಅಂಥಾ ಮನಷ್ಯಾ ಇಲ್ಲ," ಅಂದರು ಯುಹಾನಿ.

"ಇಲ್ಲ ಅಂತ ಯಾರಂದ್ರು?" ಸರ್‌ಗೆ ನೋವಾಯಿತು. "ದಿನಾ ಬರ್ತಾನಲ್ರಿ!"

ಯುಹಾನಿ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಕೋಟನ್ನು ತೊಡೆಯ ಮೇಲಿಟ್ಟು ಕೂತಿದ್ದ ಒಬ್ಬ ವಯಸ್ಸಾದ ಹೆಂಗಸಿನ ಕಡೆ ನೋಡಿದರು. "ಅಂಥಾವ ಒಬ್ಬ ನಮ್ಮಲ್ಲೂ ಅದಾನ," ಅಂದರು.

ಆಕೆ ಐಲಾ. ಊರಾಚೆ, ನೀರಿನ ದಂಡೆಯಲ್ಲಿ, ಒಂದೇ ಕೋಣೆಯ ಶಾಖಾ ಗ್ರಂಥಾಲಯ ನೋಡಿಕೊಳ್ಳುವವರು. ಕೂತಲ್ಲೇ ಓದಿ ಹೋಗುವವರನ್ನು ಎಣಿಸಲು ಎಲ್ಲ ಕಡೆಯೂ ಇರುವ ಉಪಾಯ ಒಂದೇ: ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಕಪಾಟಿಗೆ ಮರಳಿಸುವಾಗ ಎಣಿಸುವುದು. ಐಲಾ ಸಂಜೆ ಮೇಜು ಖಾಲಿ ಮಾಡಿ ಬೀಗ ಹಾಕುತ್ತಾರೆ. ಬೆಳಿಗ್ಗೆ ತೆಗೆದರೆ ಮೇಜಿನ ಮೇಲೆ ಒಂದು ಪುಸ್ತಕ ತೆರೆದು ಬಿದ್ದಿರುತ್ತದೆ. ಬೀಗದ ಕೈ ಬೇರೆ ಯಾರಲ್ಲೂ ಇಲ್ಲ. ಆಕೆ ಅದನ್ನೂ ಎಣಿಸಿ, ಓದುಗನ ಜಾಗ ಖಾಲಿ ಬಿಟ್ಟು, ಲೆಕ್ಕ ಕಳಿಸುತ್ತಾರೆ. ಚಳಿಗಾಲದ ಎಷ್ಟೋ ದಿನ ಆ ಕೋಣೆಯ ಲೆಕ್ಕವೆಂದರೆ ಆ ಪುಸ್ತಕ ಒಂದೇ. ಹೆಡ್‌ಮಾಸ್ತರನನ್ನು ಆರಿಸಿದರೆ ಅದು ಹಾರಿಹೋಗುತ್ತದೆ, ದಿನದ ಲೆಕ್ಕ ಸೊನ್ನೆಯಾಗುತ್ತದೆ. ಸೊನ್ನೆ ಬಿದ್ದ ಕೋಣೆಗಳನ್ನು ವಸಂತದಲ್ಲಿ ಮುಚ್ಚುವುದೆಂದು ಪುರಸಭೆಯವರು ಆಗಲೇ ತೀರ್ಮಾನಿಸಿದ್ದರು.

"ಆಕಿ ಸುಳ್ಳು ಹೇಳಾಕಿ ಅಲ್ಲ," ಅಂದರು ಯುಹಾನಿ. "ಆದ್ರ ಹಂಗಂತ ಎಲ್ಲಾರೂ ಜಾಗಾ ಖಾಲಿ ಬಿಟ್ಟು ಕಳಸಾಕತ್ತಿದ್ರ ಲೆಕ್ಕಕ್ಕ ಏನು ಬೆಲಿ? ನೀವು ಹೋಗಿ ನೋಡಿ ಬರ್ರಿ. ಲಾಭನ್ನ ಕಂಡವರು ನೀವು."

ಐಲಾರ ಕೋಣೆ

ಮರದ ಮನೆ, ಸುತ್ತ ಪೈನ್ ಮರಗಳು, ಹಿಂದೆ ಬೆಳ್ಳಗೆ ಹೆಪ್ಪುಗಟ್ಟಿದ ಸರೋವರ. ನಾವು ತಲುಪುವಾಗ ಮಧ್ಯಾಹ್ನ. ಬೆಳಕು ಆಗಲೇ ನೀಲಿಯಾಗಿ, ನೀಲಿಯೂ ಇಂಗುತ್ತಿತ್ತು. ಪಕ್ಕದಲ್ಲೇ ಐಲಾರ ಅಡಿಗೆಮನೆ. ಸರ್ ಅದರ ಬಾಗಿಲಲ್ಲೇ ಗಟ್ಟಿಯಾಗಿ ನಿಂತುಬಿಟ್ಟರು.

"ನಾ ಇಲ್ಲೇ ಕಾಫಿ ಕುಡೀತೇನಿ. ನೀ ಒಳಗ ಹೋಗಿ ಲಾಭಗ ನನ್ನ ಶರಣಾರ್ಥಿ ಹೇಳು."

"ಅಂಜಿಕಿ ಬಂತೇನ್ರಿ ಸರ್?"

"ಅಂಜಿಕಿ ಅಲ್ಲಲೇ. ಕಾಫಿ ಆರ್ತದ."

ಒಬ್ಬನೇ ಹೋದೆ. ಕಪಾಟುಗಳು, ಒಂದು ಒಲೆ, ಒಂದು ಮೇಜು, ಎದುರುಬದುರು ಎರಡು ಕುರ್ಚಿ. ನಾವು ನೋಡಲೆಂದು ಐಲಾ ಅಂದಿನ ಪುಸ್ತಕವನ್ನು ತೆಗೆಯದೆ ಬಿಟ್ಟಿದ್ದರು. ತೆರೆದೇ ಇತ್ತು. ಎದುರಿನ ಕುರ್ಚಿಯಲ್ಲಿ ಕೂತೆ. ಅಂಥ ಹೊತ್ತಿನಲ್ಲಿ ನನಗೆ ಗೊತ್ತಿರುವುದು ಒಂದೇ ವಿದ್ಯೆ, ಅಣಕ. ಅಫಜಲಪುರದ ನಮ್ಮ ವಾಚನಾಲಯದಲ್ಲಿ ಒಬ್ಬ ಮುದುಕ ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾನೆ, ಬಸ್ಸಿಗೆ ಕಾಯುವವರು ಸುತ್ತ ಕೂತು ಹ್ಞೂಂ ಹ್ಞೂಂ ಎನ್ನುತ್ತಾರೆ. ಅವನ ದನಿ ತೆಗೆದು ಆ ಪುಸ್ತಕ ಓದತೊಡಗಿದೆ. ಒಂದು ಶಬ್ದದ ಅರ್ಥವೂ ಗೊತ್ತಿಲ್ಲ. ಆದರೆ ಅವರದೂ ನಮ್ಮ ಹಾಗೆ ಬರೆದಂತೆಯೇ ಓದುವ ಭಾಷೆ. ಗಿಣಿಯ ಹಾಗೆ ಓದಿಕೊಂಡು ಹೋದೆ.

ಅಣಕು ಮಾಡುವವನಿಗೆ ಒಂದು ಸಂಗತಿ ಕಣ್ಣು ಮುಚ್ಚಿದ್ದರೂ ತಿಳಿಯುತ್ತದೆ: ಎದುರಿಗೆ ಕೇಳುವವರು ಇದ್ದಾರೋ ಇಲ್ಲವೋ. ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಹೋದಷ್ಟೇ ತಿರುಗಿ ಬರುತ್ತದೆ. ಕೇಳುವವರಿದ್ದರೆ ಪೂರ್ತಿ ಬರುವುದಿಲ್ಲ. ಅವರು ಸ್ವಲ್ಪ ಇಟ್ಟುಕೊಳ್ಳುತ್ತಾರೆ.

ನನ್ನ ದನಿ ತಿರುಗಿ ಬರುತ್ತಿರಲಿಲ್ಲ.

ಪುಟದ ನಡುವೆ ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಂಡೆ. ಕಪಾಟಿನ ಹಿಂದಿನಿಂದ, ಒಲೆಯ ಕಡೆಯಿಂದ, ಮೆಲ್ಲಗೆ ಒಳಗೆಳೆದ ಉಸಿರು. "ಯೊ."

ನಾನೇ ಅಂದಿರಬೇಕು ಎಂದುಕೊಂಡೆ. ರೈಲಿನಲ್ಲಿ ಕಲಿತದ್ದು ಗಂಟಲಲ್ಲಿ ಉಳಿದಿರಬಹುದು. ಅಂಗೈಯನ್ನು ಗಂಟಲಿಗೆ ಒತ್ತಿ ಹಿಡಿದು ಮುಂದೆ ಓದಿದೆ. ಕೆಳಗಿನ ಸಾಲೊಂದು ಮುಗಿಯುತ್ತಿದ್ದಂತೆ ಮತ್ತೆ ಬಂತು. ನನ್ನ ಗಂಟಲು ಅಲುಗಿರಲಿಲ್ಲ.

ಹೆದರಿಕೆಗೆ ನನ್ನ ಮದ್ದು ತಮಾಷೆ. "ಅಂದ್ರ ಏನಪಾ ಅಂದ್ರ" ಎಂದು ಸರ್ ದನಿಯಲ್ಲಿ ಒದರಿದೆ. ತಕ್ಷಣ ನನ್ನ ದನಿ ಗೋಡೆಗೆ ಬಡಿದು ಹಾಗೇ ಮುಖಕ್ಕೆ ರಾಚಿತು. ಕೋಣೆ ಖಾಲಿಯಾಗಿತ್ತು. ಯಾರೋ ಬೇಸರಪಟ್ಟು ಎದ್ದುಹೋದಂತೆ. ನಾಚಿಕೆಯಾಯಿತು. ಮತ್ತೆ ಓದತೊಡಗಿದೆ, ಈ ಸಲ ಸುಮ್ಮನೆ. ಆಗ ನನ್ನ ಬಾಯಿಂದ ಬಂದದ್ದು ಯಾರ ದನಿ, ನನಗೆ ತಿಳಿಯಲಿಲ್ಲ. ನಾನು ಅಣಕಿಸಿದ ಯಾರದೂ ಅಲ್ಲ. ಒಂದೆರಡು ಸಾಲು ಆಗುವಷ್ಟರಲ್ಲಿ ಕೋಣೆ ನಿಧಾನವಾಗಿ ತುಂಬಿಕೊಂಡಿತು.

ಐಲಾ ಕಾಫಿ ತಂದಾಗ ನಾನು ಪುಟದ ಕೊನೆಯಲ್ಲಿದ್ದೆ. ಉಸಿರು ಕೇಳಿದ ಎರಡು ವಾಕ್ಯಗಳನ್ನು ಬೆರಳಿಟ್ಟು ತೋರಿಸಿ, ಏನಿದೆ ಇಲ್ಲಿ ಎಂದು ಕೇಳಿದೆ.

"ಸರೋವರದ ಮ್ಯಾಲ ನಡಿಯೂದು ಹ್ಯಾಂಗ ಅಂತ ಬರದಾರ," ಅಂದರು ಆಕೆ. "ಇದು, 'ಹೆಪ್ಪುಗಟ್ಟಿದ ನೀರಿನ ಬಣ್ಣ ಬದಲಾದ ಕಡೆಯಿಂದ ಮುಂದ ಒಬ್ಬರೇ ಹೋಗಬ್ಯಾಡ್ರಿ.' ಇದು, 'ತಿರುಗಿ ಬರುವಾಗ ಹೋದ ಹೆಜ್ಜಿ ಮ್ಯಾಲೇ ಬರ್ರಿ.'" ಓದಿ ಮುಗಿಸಿ, ತಮಗೆ ತಾವೇ ಎಂಬಂತೆ ಉಸಿರು ಒಳಗೆಳೆದರು. "ಯೊ."

ಕಾಫಿ ಚೆಲ್ಲಿಕೊಂಡೆ.

"ಯಾರ್ರಿ ಅವರು, ಐಲಾಬಾಯಿ?"

"ಓದಾಕ ಬಂದವರಿಗೆ ನೀ ಯಾರಂತ ಕೇಳೂದು ನನ್ನ ಕೆಲಸ ಅಲ್ಲಪ್ಪ," ಅಂದರು ಐಲಾ, ಮೇಜು ಒರೆಸುತ್ತ. "ಬಂದಿದ್ರು ಅಂತ ಬರಿಯೂದಷ್ಟೇ. ಈ ಕೋಣಿ ಮುಚ್ಚಿದ್ರ ಅವರು ಎಲ್ಲಿಗೆ ಹೋಗ್ಬೇಕು, ಅದೊಂದು ನನಗ ತಿಳಿವಲ್ದು."

ಮತ್ತೆ ಸಭೆ

ಮರುದಿನ ನಾನು ಎದ್ದು ನಿಂತು ಕಂಡದ್ದನ್ನೆಲ್ಲ ಹೇಳಿದೆ. ಸೋದರಮಾವನನ್ನೇ ಆರಿಸಿ, ಓದುಗನ ಜಾಗ ಖಾಲಿ ಇರಲು ಬಿಡಿ ಎಂದು ಕೇಳಿಕೊಂಡೆ. "ಯೊ" ಎನ್ನುವಲ್ಲಿಗೆ ಬಂದಾಗ ಸಭೆ ಗೊಳ್ಳೆಂದಿತು. ಹಿಂದಿನ ದಿನ ನಗಿಸಿದ್ದೆನಲ್ಲ, ಇದು ಅದರ ಎರಡನೇ ಭಾಗ ಎಂದುಕೊಂಡರು. ಇಲ್ಲ್ರಿ, ಖರೇ ಹೇಳಾಕತ್ತೇನಿ ಎಂದೆ. ಇನ್ನೂ ನಕ್ಕರು. ಜೀವನದಲ್ಲಿ ಮೊದಲ ಸಲ ನಗೆ ಬೇಡವಾಗಿತ್ತು, ಅದೇ ಧಾರಾಳವಾಗಿ ಸಿಕ್ಕಿತು. ಐಲಾ ಮಾತ್ರ ನಗಲಿಲ್ಲ. ಸರ್ ತಲೆ ತಗ್ಗಿಸಿ ಕೂತಿದ್ದರು.

ಕೈ ಎತ್ತಿಸಿದರು. ಹೆಡ್‌ಮಾಸ್ತರ ಗೆದ್ದ. ಅನ್ಯಾಯವೆನ್ನಲಾರೆ. ಹುಸಿ ಲೆಕ್ಕದ ಹೆದರಿಕೆ ಎಲ್ಲ ದೇಶದವರಿಗೂ ಇದೆ, ನಮ್ಮ ಲಾಭನನ್ನು ಕಂಡ ಮೇಲೆ ಇನ್ನೂ ಹೆಚ್ಚಾಗಿತ್ತು. ಐಲಾ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಮೇಲಿನಿಂದ ಕೆಳಗೆ, ಒಂದೊಂದೇ. ಅದನ್ನು ನೋಡಲಾಗದೆ ನಾನು ಮತ್ತೆ ಎದ್ದೆ.

"ಐಲಾಬಾಯಿಯವರ ಕೋಣ್ಯಾಗ ಸದಸ್ಯ ಆಗಾಕ ಏನ್ ಬೇಕ್ರಿ?"

"ಹೆಸರು, ವಿಳಾಸ, ಸಹಿ," ಅಂದರು ಯುಹಾನಿ.

"ನಾ ಆಗ್ತೇನಿ. ಆ ಮುಂಜಾನೆ ಪುಸ್ತಕಾ ನನ್ನ ಕಾರ್ಡಿನ ಮ್ಯಾಲ ಬರೀರಿ."

ಸರ್ ನನ್ನ ಅಂಗಿ ಜಗ್ಗಿದರು. "ಲೇ ಶಿವ್ಯಾ, ಸುಳ್ಳ ಆಗ್ತದಲೇ ಅದು! ನೀ ಓದಂಗಿಲ್ಲ, ಮಾಡಂಗಿಲ್ಲ."

"ನಿಮ್ಮ ಓಣ್ಯಾಗ ಕಾರ್ಡ್ ಇರೂದು ನಿಮ್ಮ ಮನ್ಯಾಗ ಒಂದೇ ಅಲ್ರಿ ಸರ್? ನಿಮ್ಮ ಹೆಸರಿಲೆ ಬಂದ ಪುಸ್ತಕಾ ಬಾಜೂಕಿನ ಗೌಂಡಿಯವರ ಮನಿಗೆ ಹೋಗಿ, ಅಲ್ಲಿಂದ ನಾಲ್ಕು ಮನಿ ತಿರುಗಿ ಬರ್ತದಲ್ಲ. ಅದು ಸುಳ್ಳೇನ್ರಿ?"

"ಅದು ಸುಳ್ಳಲ್ಲ," ಅಂದರು ಸರ್. "ಅದು ಕೊಟ್ಟು ತಗೊಳ್ಳೂದು."

"ಹಂಗಾದ್ರ ನಾನೂ ಕೊಡ್ತೇನಿ."

ಜೇವರ್ಗಿಯ ಓಣಿಯ ಈ ಪದ್ಧತಿಯನ್ನು ಸಭೆಗೂ ಬಿಡಿಸಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಯುಹಾನಿ ತಮ್ಮ ಉದ್ದದ ಮೌನಕ್ಕೆ ಇಳಿದರು. ಹೊರಗೆ ಬೆಳಕು ಹೋಯಿತು. ಆಮೇಲೆ ಸ್ಕೀಮಾದ ಪ್ರತಿಯನ್ನು ಎಳೆದುಕೊಂಡು, ಕನ್ನಡಕ ಏರಿಸಿ, ಸಾಲು ಸಾಲಾಗಿ ಓದಿದರು.

"ಸದಸ್ಯ ಇರಬೇಕು ಅಂತ ಅದ," ಅಂದರು. "ಕಾರ್ಡ್ ಯಾರ ಕೈಯಾಗ ಇರಬೇಕು ಅಂತ ಇಲ್ಲ. ಸದಸ್ಯ ಊರಾಗ ಇರಬೇಕು ಅಂತನೂ ಇಲ್ಲ."

ಐಲಾ ಅಲ್ಲೇ ಚೀಲದಿಂದ ಸದಸ್ಯತ್ವದ ಕಾಗದ ತೆಗೆದರು. ವಿಳಾಸದ ಜಾಗದಲ್ಲಿ ಆಳಂದ ಎಂದು ಬರೆದೆ.

ಆಳಂದ

ಬಂದ ಮೇಲೆ ಬಿಸಿಲು, ಧೂಳು, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಮಂದಿ. ಪಕ್ಕದವನು ಹೆಗಲಿಗೆ ಹೆಗಲು ಹಚ್ಚಿ ನಿಂತರೆ ಏನೋ ಹಿತ. ವಾರಕ್ಕೊಮ್ಮೆ ಗುಲಬರ್ಗಾಕ್ಕೆ ಹೋಗಿ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಕೂಟದ ಲೆಕ್ಕಗಳನ್ನು ಇಳಿಸಿಕೊಳ್ಳುತ್ತೇನೆ. ಐಲಾರ ಕೋಣೆಯದೂ ಬರುತ್ತದೆ. ಸೊನ್ನೆ ಬೀಳುತ್ತಿಲ್ಲ, ಕೋಣೆ ತೆರೆದೇ ಇದೆ. ನಾನು ಬೇವಿನ ಕೆಳಗೆ ಮಿರ್ಚಿ ಭಜಿ ತಿನ್ನುವ ಬೆಳಿಗ್ಗೆಗಳಲ್ಲಿ, ನನ್ನ ಸಂಖ್ಯೆಯ ಓದುಗ ಹಿಮದ ದಂಡೆಯಲ್ಲಿ ಮೀನಿನ ಬಲೆಗಳ ಬಗ್ಗೆ, ನಕ್ಷತ್ರಗಳ ಬಗ್ಗೆ, ಹಳೆಯ ದೋಣಿಗಳ ಬಗ್ಗೆ ಓದುತ್ತಿದ್ದಾನೆ. ಊರೆಲ್ಲ ಅಣಕಿಸಿದೆ, ಈಗ ಯಾರೋ ನಾನಾಗಿ ಕೂತಿದ್ದಾರೆ, ನನಗಿಂತ ಅಚ್ಚುಕಟ್ಟಾಗಿ.

ಮೊನ್ನೆ ಐಲಾರ ಮೇಲ್ ಬಂತು. ಅಚ್ಚುಹಾಕಿಸಿಕೊಂಡು ಜೇವರ್ಗಿಗೆ ಒಯ್ದು ಸರ್‌ಗೆ ಓದಿ ಹೇಳಿದೆ. ಈಗ ಬೆಳಿಗ್ಗೆ ಮೇಜಿನ ಮೇಲೆ ಎರಡು ಪುಸ್ತಕ ಇರುತ್ತವಂತೆ. ಒಂದು ಯಾವಾಗಲೂ ಇರುವ ಕಡೆ. ಇನ್ನೊಂದು ನಾನು ಅಂದು ಕೂತಿದ್ದ ಎದುರಿನ ಕುರ್ಚಿಯ ಮುಂದೆ. ಎರಡೂ ತೆರೆದಿರುತ್ತವೆ. ಒಂದೇ ಹೊತ್ತಿಗೆ ಎರಡು ಪುಸ್ತಕವನ್ನು ಒಬ್ಬನ ಸಂಖ್ಯೆಗೆ ಹಾಕಿದರೆ ಯಂತ್ರ ಒಪ್ಪುತ್ತಿಲ್ಲ. ಎರಡನೆಯದನ್ನು ಯಾರಿಗೆ ಬರೆಯಲಿ ಎಂದು ಕೇಳಿದ್ದರು.

ಸರ್ ಬಾಯಿಂದ "ಅಂದ್ರ ಏನಪಾ ಅಂದ್ರ" ಎಂಬ ಹಳಿ ಈ ಸಲ ಬರಲಿಲ್ಲ. ಕಿಸೆಯಿಂದ ಪೆನ್ನು ತೆಗೆದು, ಆ ಕಾಗದವನ್ನು ನನ್ನ ಕೈಯಿಂದ ತಗೊಂಡು, ಕೆಳಗೆ ತಮ್ಮ ಹೆಸರು ಬರೆದರು. ಓಣಿಯ ಹೆಸರು, ಜೇವರ್ಗಿ, ಸಹಿ.

"ಕಳಸು," ಅಂದರು. "ಮತ್ತ ಆ ಎರಡನೇ ಪುಸ್ತಕಾ ಯಾವುದು ಅಂತ ಕೇಳಲೇ. ನನ್ನ ಹೆಸರಿನ ಮ್ಯಾಲ ಏನು ಓದಾಕತ್ತಾರ ಅಂತ ನನಗೂ ಗೊತ್ತಿರಬೇಕಲ್ಲ."